ಅಗೆಯುವ ಮೊದಲೇ ಕರಾರು: ಫ್ಲೋಟಾ ದ್ವೀಪವೂ ನಮ್ಮ ಸಂಡೂರೂ

ಒಂದೇ ವರ್ಷದಲ್ಲಿ ಎರಡು ಊರುಗಳ ಬದುಕು ಬದಲಾಯಿತು. 1977ರ ಅಕ್ಟೋಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದೋಣಿಮಲೈನಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿಯಾದ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಕೆಲಸ ಆರಂಭಿಸಿತು. ಅದೇ ವರ್ಷದ ಆರಂಭದ ಹೊತ್ತಿಗೆ ಸ್ಕಾಟ್‌ಲೆಂಡಿನ ಉತ್ತರ ತುದಿಯ ಆಚೆಗಿರುವ ಓರ್ಕ್ನಿ ದ್ವೀಪಸಮೂಹದ ಫ್ಲೋಟಾ ಎಂಬ ಸಣ್ಣ ನಡುಗಡ್ಡೆಗೆ ಸಮುದ್ರತಳದ ಕೊಳವೆಯಲ್ಲಿ ಕಚ್ಚಾ ತೈಲ ಬರತೊಡಗಿತ್ತು. ನಾನು ಹುಟ್ಟಿ ಬೆಳೆದದ್ದು ಸಂಡೂರಿನ ಬೆಟ್ಟಗಳ ಬುಡದಲ್ಲಿ. ಅನ್ನ ಸಂಪಾದಿಸುತ್ತಿರುವುದು ಅಬರ್ಡೀನ್ ನಗರದಲ್ಲಿದ್ದುಕೊಂಡು, ಉತ್ತರ ಸಮುದ್ರದ ತೈಲದ ಕೆಲಸದಲ್ಲಿ. ತೈಲ ಸಾಗಿಸುವ ಕೊಳವೆಗಳ ಗೋಡೆ ಎಷ್ಟು ಸವೆದಿದೆ, ಎಲ್ಲಿ ತುಕ್ಕು ತಿಂದಿದೆ ಎಂದು ಅಳೆದು ವರದಿ ಕೊಡುವುದು ನನ್ನ ವೃತ್ತಿ. ಆ ಕೆಲಸದ ನೆಪದಲ್ಲಿ ಫ್ಲೋಟಾದಂಥ ಜಾಗಗಳನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದೆ. ನೋಡಿದಾಗಲೆಲ್ಲ ನನ್ನ ತಾಲ್ಲೂಕು ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಎರಡೂ ಕಡೆ ನಡೆಯುವುದು ಒಂದೇ ಬಗೆಯ ಕೆಲಸ. ನೆಲದ ಒಡಲಿನಲ್ಲಿರುವುದನ್ನು ತೆಗೆಯುವುದು, ಬೇಡದ್ದನ್ನು ಬೇರ್ಪಡಿಸುವುದು, ಬೇಕಾದದ್ದನ್ನು ದೂರದ ಊರುಗಳಿಗೆ ಸಾಗಿಸುವುದು. ತೆಗೆದದ್ದು ಮತ್ತೆ ಹುಟ್ಟುವುದಿಲ್ಲ. ಹಾಗಿದ್ದ ಮೇಲೆ, ಸಾಗಿ ಹೋದ ಸಂಪತ್ತಿನ ಬದಲಿಗೆ ಆ ಊರಿನಲ್ಲಿ ಏನು ಉಳಿಯಿತು ಎಂಬುದನ್ನು ಕೇಳಬೇಕಲ್ಲವೇ? ಫ್ಲೋಟಾದ ಜನರು ಈ ಪ್ರಶ್ನೆಯನ್ನು ಮೊದಲ ಹನಿ ತೈಲ ಬರುವ ಮೊದಲೇ ಕೇಳಿದರು. ನಮ್ಮಲ್ಲಿ ಅದನ್ನು ಕೇಳುವ ಹೊತ್ತಿಗೆ ಅರ್ಧ ಬೆಟ್ಟ ಲಾರಿ ಹತ್ತಿ ಹೋಗಿತ್ತು.

ಫ್ಲೋಟಾ ಎಂಥ ಜಾಗ ಎಂದು ಸ್ವಲ್ಪ ಹೇಳಬೇಕು. ದ್ವೀಪದ ವಿಸ್ತೀರ್ಣ ಒಂಬತ್ತು ಚದರ ಕಿಲೋಮೀಟರಿಗಿಂತ ಕಡಿಮೆ. 2011ರ ಜನಗಣತಿಯಲ್ಲಿ ಅಲ್ಲಿದ್ದದ್ದು 80 ಜನ. ಸುತ್ತಲೂ ಸ್ಕಾಪಾ ಫ್ಲೋ ಎಂಬ ವಿಶಾಲವಾದ ಸಹಜ ಬಂದರು. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆ ಬೀಡುಬಿಟ್ಟದ್ದು ಅಲ್ಲೇ. 1919ರ ಜೂನ್‌ನಲ್ಲಿ ಸೆರೆಯಲ್ಲಿದ್ದ ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿದ್ದೂ ಅಲ್ಲೇ. ಗಾಳಿಯ ಹೊಡೆತಕ್ಕೆ ಮರಗಳು ಹೆಚ್ಚು ಬೆಳೆಯುವುದಿಲ್ಲ. ಹುಲ್ಲು, ದನ, ಕುರಿ, ಮೀನು, ಇಷ್ಟೇ ಜೀವನ. 1973ರ ಜನವರಿಯಲ್ಲಿ ಆಕ್ಸಿಡೆಂಟಲ್ ಎಂಬ ಅಮೆರಿಕದ ಕಂಪನಿಯ ನೇತೃತ್ವದ ಕೂಟಕ್ಕೆ ಉತ್ತರ ಸಮುದ್ರದಲ್ಲಿ ಪೈಪರ್ ತೈಲ ನಿಕ್ಷೇಪ ಸಿಕ್ಕಿತು. ಮರುವರ್ಷ ಕ್ಲೇಮೋರ್ ಸಿಕ್ಕಿತು. ಆ ತೈಲವನ್ನು ದಡಕ್ಕೆ ತರಲು, ದೊಡ್ಡ ಹಡಗುಗಳು ನೆಮ್ಮದಿಯಾಗಿ ನಿಲ್ಲಲು ಸ್ಕಾಪಾ ಫ್ಲೋಗಿಂತ ಒಳ್ಳೆಯ ಜಾಗ ಇರಲಿಲ್ಲ. ಹೀಗೆ 30 ಅಂಗುಲ ವ್ಯಾಸದ ಕೊಳವೆ ಸುಮಾರು 200 ಕಿಲೋಮೀಟರ್ ಸಮುದ್ರದ ತಳದಲ್ಲಿ ಸಾಗಿ ಫ್ಲೋಟಾ ಮುಟ್ಟಿತು.

ಸಮುದ್ರದ ಬಾವಿಯಿಂದ ಬರುವುದು ಶುದ್ಧ ಎಣ್ಣೆಯಲ್ಲ. ಅದರೊಂದಿಗೆ ಉಪ್ಪುನೀರು, ಸಣ್ಣ ಮರಳು, ಕರಗಿದ ಅನಿಲ, ಜೀವ ತೆಗೆಯಬಲ್ಲ ಹೈಡ್ರೋಜನ್ ಸಲ್ಫೈಡ್ ಎಲ್ಲವೂ ಬರುತ್ತವೆ. ಹಾಗೆಯೇ ಹಡಗಿಗೆ ತುಂಬಿದರೆ ದಾರಿಯಲ್ಲಿ ಅನಿಲ ಮೇಲೆದ್ದು ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ. ಆದ್ದರಿಂದ ಟರ್ಮಿನಲ್‌ನಲ್ಲಿ, ಅಂದರೆ ಕೊಳವೆಯ ತೈಲವನ್ನು ಹದಗೊಳಿಸಿ ಹಡಗಿಗೆ ತುಂಬುವ ದಡದ ನೆಲೆಯಲ್ಲಿ, ತೈಲವನ್ನು ಬಿಸಿ ಮಾಡಿ, ದೊಡ್ಡ ಸೆಪರೇಟರ್‌ಗಳಲ್ಲಿ ನಿಲ್ಲಿಸಿ ನೀರನ್ನು ಕೆಳಗಿನಿಂದಲೂ ಅನಿಲವನ್ನು ಮೇಲಿನಿಂದಲೂ ತೆಗೆಯುತ್ತಾರೆ. ಆಮೇಲೆ ಎತ್ತರದ ಗೋಪುರಗಳಲ್ಲಿ ಹಾಯಿಸಿ ಹಗುರ ಅನಿಲಗಳನ್ನು ಪೂರ್ತಿ ಬಿಡಿಸುತ್ತಾರೆ. ಪ್ರೊಪೇನ್ ಬೇರೆಯಾಗುತ್ತದೆ. ಸ್ವಲ್ಪ ಅನಿಲ ಟರ್ಮಿನಲ್‌ಗೇ ಇಂಧನವಾಗುತ್ತದೆ; ಮಿಕ್ಕದ್ದು ದಶಕಗಳ ಕಾಲ ಎತ್ತರದ ಕೊಳವೆಯ ತುದಿಯಲ್ಲಿ ಉರಿಯುತ್ತಿತ್ತು. ಆ ಜ್ವಾಲೆ ಮೋಡ ಕವಿದ ರಾತ್ರಿಗಳಲ್ಲಿ ಪಕ್ಕದ ದ್ವೀಪಗಳಿಗೂ ಕಾಣುತ್ತಿತ್ತು. ಬೇರ್ಪಟ್ಟ ನೀರನ್ನು ಶುದ್ಧಿಗೊಳಿಸಿಯೇ ಸಮುದ್ರಕ್ಕೆ ಬಿಡಬೇಕು. ಹದಗೊಂಡ ತೈಲ ದೊಡ್ಡ ಟ್ಯಾಂಕುಗಳಲ್ಲಿ ಕಾದಿದ್ದು, ಹಡಗು ಬಂದಾಗ ಅಳತೆಯಾಗಿ ಹೊರಡುತ್ತದೆ. ಆ ಅಳತೆ ಎಷ್ಟು ಕಟ್ಟುನಿಟ್ಟೆಂದರೆ, ತೈಲದ ಉಷ್ಣತೆ ಒಂದು ಡಿಗ್ರಿ ವ್ಯತ್ಯಾಸವಾದರೂ ಲೆಕ್ಕ ತಿದ್ದಬೇಕು. ಮಾರುವವನದೊಂದು ಲೆಕ್ಕ, ಹಡಗಿನದೊಂದು ಲೆಕ್ಕ, ಇಬ್ಬರಿಗೂ ಸೇರದ ಮೂರನೆಯ ತಪಾಸಕನದೊಂದು ಲೆಕ್ಕ. ಮೂರೂ ಹೊಂದಿದ ಮೇಲೆಯೇ ಕಾಗದಕ್ಕೆ ಸಹಿ ಬೀಳುತ್ತದೆ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಯಂತ್ರಗಳಲ್ಲ. ಅಂಥ ಯಂತ್ರಗಳು ಕೊಲ್ಲಿ ದೇಶಗಳಲ್ಲಿ ಇನ್ನೂ ದೊಡ್ಡದಾಗಿವೆ. ಓರ್ಕ್ನಿಯ ಜನ ಏನು ಮಾಡಿದರು ಎಂಬುದು ನನಗೆ ಮುಖ್ಯ. ತೈಲ ಸಿಕ್ಕ ಸುದ್ದಿ ಬಂದ ಮರುವರ್ಷವೇ, ಅಂದರೆ 1974ರಲ್ಲಿ, ಅಲ್ಲಿನ ಕೌಂಟಿ ಕೌನ್ಸಿಲ್ ತನ್ನದೇ ಒಂದು ಮಸೂದೆಯನ್ನು ಲಂಡನ್ನಿನ ಸಂಸತ್ತಿನಲ್ಲಿ ಮಂಡಿಸಿ ಕಾಯ್ದೆ ಮಾಡಿಸಿಕೊಂಡಿತು. ಕೌನ್ಸಿಲ್ ಎಂದರೆ ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದು. ಇಂದಿಗೂ ಓರ್ಕ್ನಿಯ ಒಟ್ಟು ಜನಸಂಖ್ಯೆ ಸುಮಾರು 22 ಸಾವಿರ. ನಮ್ಮ ಕಡೆಯ ಒಂದು ದೊಡ್ಡ ಹೋಬಳಿಯಷ್ಟೂ ಇಲ್ಲ. ಅಷ್ಟು ಚಿಕ್ಕ ಸ್ಥಳೀಯ ಸಂಸ್ಥೆ ಬಂದರಿನ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಹಡಗುಗಳಿಗೆ ದಾರಿ ತೋರುವ ಪೈಲಟ್‌ಗಳು ಕೌನ್ಸಿಲ್‌ನವರು, ಬಂದರು ಶುಲ್ಕ ಕೌನ್ಸಿಲ್‌ಗೆ, ಟರ್ಮಿನಲ್ ಮೂಲಕ ಹಾಯ್ದುಹೋಗುವ ತೈಲದ ಪ್ರಮಾಣಕ್ಕೆ ತಕ್ಕಂತೆ ಹಣವೂ ಕೌನ್ಸಿಲ್‌ಗೆ. ಆ ಹಣವನ್ನು ಕೂಡಿಡಲು ಒಂದು ಮೀಸಲು ನಿಧಿ. ತೈಲ ಇಳಿಮುಖವಾದ ಈ ಕಾಲದಲ್ಲೂ ಆ ನಿಧಿ 20 ಕೋಟಿ ಪೌಂಡನ್ನು ಮೀರಿ ಬೆಳೆದು ನಿಂತಿದೆ.

ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಅಲ್ಲಿನ ಸಲ್ಲಂ ವೋ ಎಂಬಲ್ಲಿ ಯುರೋಪಿನ ಅತಿ ದೊಡ್ಡ ತೈಲ ಟರ್ಮಿನಲ್‌ಗಳಲ್ಲೊಂದು ತಲೆಯೆತ್ತಲಿತ್ತು. ಭೂಮಿಯ ದಲ್ಲಾಳಿಗಳು ಆಗಲೇ ರೈತರ ಬಾಗಿಲು ತಟ್ಟುತ್ತಿದ್ದರು. ಕೌನ್ಸಿಲ್‌ನ ಅಧಿಕಾರಿ ಇಯನ್ ಕ್ಲಾರ್ಕ್ ಅವರು ಮುಂದೆ ನಿಂತು, ಸಂಸದ ಜೋ ಗ್ರಿಮಂಡ್ ಅವರ ಬೆಂಬಲದಿಂದ ಅದೇ 1974ರಲ್ಲಿ ತಮ್ಮ ಕಾಯ್ದೆಯನ್ನು ಪಡೆದರು. ಟರ್ಮಿನಲ್‌ಗೆ ಬೇಕಾದ ಭೂಮಿಯನ್ನು ಕೌನ್ಸಿಲ್ ತಾನೇ ಸ್ವಾಧೀನಪಡಿಸಿಕೊಳ್ಳುವ ಹಕ್ಕು ಅದರಲ್ಲಿತ್ತು. ಕಂಪನಿಗಳಿಗೆ ಅವರು ಹೇಳಿದ ಮಾತು ಸರಳವಾಗಿತ್ತು: ತೈಲ ನಿಮ್ಮದಿರಬಹುದು, ತೆರಿಗೆ ಲಂಡನ್ನಿಗೆ ಹೋಗಬಹುದು, ಆದರೆ ನಮ್ಮ ಬದುಕು ಕದಡುವುದಕ್ಕೆ ನಮಗೆ ಬೇರೆ ಹಣ ಕೊಡಬೇಕು. ಆ ಹಣಕ್ಕೆ ಅವರು ಕೊಟ್ಟ ಹೆಸರೇ ‘ಕದಡಿದ್ದಕ್ಕೆ ಪಾವತಿ’ ಎಂಬರ್ಥದ್ದು. 1976ರಲ್ಲಿ ಅದಕ್ಕಾಗಿ ಒಂದು ದತ್ತಿ ಸಂಸ್ಥೆ ಹುಟ್ಟಿತು. ಸಲ್ಲಂ ವೋಗೆ ತೈಲ ಬಂದದ್ದು 1978ರ ನವೆಂಬರ್‌ನಲ್ಲಿ. ಅಂದರೆ ಹಣ ಹಾಕುವ ಪೆಟ್ಟಿಗೆ ಎರಡು ವರ್ಷ ಮೊದಲೇ ಸಿದ್ಧವಾಗಿತ್ತು. 2000ದವರೆಗೆ ಆ ಪಾವತಿಯ ರೂಪದಲ್ಲಿ ಬಂದದ್ದು ಸುಮಾರು 8.1 ಕೋಟಿ ಪೌಂಡ್. ಅದನ್ನು ಹೂಡಿ ಬೆಳೆಸಿ, ಹಳ್ಳಿ ಹಳ್ಳಿಗೆ ವೃದ್ಧರ ಆರೈಕೆ ಕೇಂದ್ರ, ಈಜುಕೊಳವಿರುವ ಕ್ರೀಡಾಂಗಣ, ಕಲೆ ಸಂಗೀತಕ್ಕೆ ನೆರವು, ಹೀಗೆ ಖರ್ಚು ಮಾಡಿದರು. ವಯಸ್ಸಾದವರು ತಾವು ಹುಟ್ಟಿದ ಹಳ್ಳಿಯಲ್ಲೇ ಕೊನೆಯ ದಿನ ಕಳೆಯಬೇಕು ಎಂಬುದು ಅವರ ಮೊದಲ ಬೇಡಿಕೆಗಳಲ್ಲಿ ಒಂದಾಗಿತ್ತು. ಎಣ್ಣೆಯ ದುಡ್ಡಿನಿಂದ ಮೊದಲು ನೆನಪಾದದ್ದು ಮನೆಯ ಹಿರಿಯರು ಎಂಬುದು ನನಗೆ ಬಹಳ ದೊಡ್ಡ ವಿಷಯ.

ಇದನ್ನು ಬ್ರಿಟನ್ನಿನ ಜಾಣತನ ಎಂದು ಯಾರೂ ತಿಳಿಯಬಾರದು. ಬ್ರಿಟಿಷ್ ಸರ್ಕಾರ ಉತ್ತರ ಸಮುದ್ರದ ತೈಲದ ತೆರಿಗೆಯನ್ನು ಬಂದ ಹಾಗೆ ಖರ್ಚು ಮಾಡಿಬಿಟ್ಟಿತು. ಅದೇ ಸಮುದ್ರದ ಆಚೆ ದಡದ ನಾರ್ವೆ 1990ರಲ್ಲಿ ಕಾಯ್ದೆ ಮಾಡಿ, 1996ರಲ್ಲಿ ಮೊದಲ ಹಣ ಇಟ್ಟು, ಇಂದು ಜಗತ್ತಿನ ಅತಿ ದೊಡ್ಡ ಸರ್ಕಾರಿ ನಿಧಿಯ ಒಡೆಯನಾಗಿದೆ. ಲಂಡನ್ ಮಾಡದೆ ಬಿಟ್ಟದ್ದನ್ನು ಇಪ್ಪತ್ತು ಸಾವಿರ ಜನರ ಎರಡು ದ್ವೀಪ ಕೌನ್ಸಿಲ್‌ಗಳು ಮಾಡಿದವು. ಹಾಗಾಗಿ ಇದು ಶ್ರೀಮಂತ ದೇಶ ಬಡ ದೇಶ ಎಂಬ ಭೇದದ ಮಾತಲ್ಲ. ಮೇಲಿನವರು ನೋಡಿಕೊಳ್ಳುತ್ತಾರೆ ಎಂದು ಕಾಯದೆ ಸ್ಥಳೀಯರು ತಾವೇ ಎದ್ದು ನಿಂತರೋ ಇಲ್ಲವೋ ಎಂಬ ಮಾತು.

ಈಗ ಸಂಡೂರಿಗೆ ಬರುತ್ತೇನೆ. ನಮ್ಮ ಬೆಟ್ಟಗಳಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣ ಇರುವುದು ಬಹಳ ಹಿಂದಿನಿಂದ ಗೊತ್ತಿದ್ದ ವಿಷಯ. ಸಂಸ್ಥಾನದ ಕಾಲದಿಂದ ಅಗೆತ ನಡೆದಿದೆ. ಆದರೆ ಅದು ಊರನ್ನು ನುಂಗುವ ಮಟ್ಟಕ್ಕೆ ಹೋದದ್ದು 2000ದ ನಂತರ, ಚೀನಾದ ಉಕ್ಕಿನ ಹಸಿವು ಹೆಚ್ಚಿದ ಮೇಲೆ. ಆಗ ಕಬ್ಬಿಣದ ಅದಿರಿಗೆ ಸರ್ಕಾರ ಪಡೆಯುತ್ತಿದ್ದ ರಾಜಧನ (ರಾಯಲ್ಟಿ) ಎಷ್ಟು? 2009ರ ಆಗಸ್ಟ್‌ವರೆಗೆ ದರ್ಜೆಗೆ ತಕ್ಕಂತೆ ಟನ್ನಿಗೆ 4 ರೂಪಾಯಿಯಿಂದ ಹೆಚ್ಚೆಂದರೆ 27 ರೂಪಾಯಿ. ಹೊರದೇಶದಲ್ಲಿ ಅದೇ ಅದಿರು ಟನ್ನಿಗೆ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿತ್ತು. ನಡುವಿನ ಹಣ ಎಲ್ಲಿಗೆ ಹೋಯಿತು ಎಂಬುದನ್ನು ಬಳ್ಳಾರಿಯ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಹಳ್ಳಿಗೆ ಆ 27 ರೂಪಾಯಿಯಲ್ಲೂ ಪಾಲಿರಲಿಲ್ಲ. ಅದು ರಾಜ್ಯದ ಬೊಕ್ಕಸಕ್ಕೆ ಸೇರುತ್ತಿತ್ತು. ಹಳ್ಳಿಯ ಪಾಲಿಗೆ ಬಂದದ್ದು ಧೂಳು.

ಆ ಧೂಳನ್ನು ನೋಡದವರಿಗೆ ಹೇಗೆ ಹೇಳಲಿ? ಹೊಸಪೇಟೆ, ತೋರಣಗಲ್ಲು, ಸಂಡೂರಿನ ನಡುವಿನ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು ಹಗಲು ರಾತ್ರಿ ಮುರಿಯುತ್ತಿರಲಿಲ್ಲ. ತಾರ್ಪಾಲು ಹೊದಿಸದ, ಮಿತಿ ಮೀರಿ ತುಂಬಿದ ಲಾರಿಗಳು. ರಸ್ತೆ ಬದಿಯ ಜೋಳ, ಮೆಣಸಿನ ಗಿಡ, ಹತ್ತಿ, ಶೇಂಗಾ ಎಲ್ಲದರ ಎಲೆಯ ಮೇಲೂ ಕೆಂಪು ಪದರ. ಕೆಂಪಾದ ಹತ್ತಿಯನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಮಳೆ ಬಂದರೆ ಬೆಟ್ಟದ ಮೇಲೆ ಸುರಿದ ಮಣ್ಣು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಕೆಲವು ರೈತರು ಬೆಳೆ ಬಿಟ್ಟು ತಮ್ಮ ಪಟ್ಟಾ ಜಮೀನನ್ನೇ ಅಗೆಯಲು ಕೊಟ್ಟರು. ಹಣ ಒಂದು ಸಲ ಬಂತು, ಹೊಲ ಮತ್ತೆ ಹೊಲವಾಗಲಿಲ್ಲ. ಹೆಂಗಸರು, ಎಳೆಯ ಮಕ್ಕಳು ಸಹ ಸುತ್ತಿಗೆ ಹಿಡಿದು ಅದಿರು ಒಡೆದು ಆರಿಸುವ ಕೂಲಿಗೆ ಹೋದರು. ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಹೆಲಿಕಾಪ್ಟರ್‌ಗಳು ಇಳಿಯುತ್ತಿದ್ದವು. 2006ರಲ್ಲಿ ಆಂಧ್ರದ ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನು ಅಗೆತಕ್ಕಾಗಿ ಸ್ಫೋಟಿಸಿ ಉರುಳಿಸಲಾಯಿತು. ರಾಜ್ಯಗಳ ಗಡಿಯ ಗುರುತುಗಳೇ ಅಳಿಸಿಹೋದವು.

ಫ್ಲೋಟಾದಲ್ಲಿ ತೈಲದ ಲೆಕ್ಕವನ್ನು ಮೂವರು ಹಿಡಿಯುತ್ತಾರೆ ಎಂದೆನಲ್ಲ, ನಮ್ಮಲ್ಲಿ ಅದಿರಿನ ಲೆಕ್ಕ ಹಿಡಿಯಬೇಕಾದವರೇ ಕಣ್ಣು ಮುಚ್ಚಿದ್ದರು. ಪರ್ಮಿಟ್ ಇಲ್ಲದ ಅದಿರು ಘಟ್ಟ ಇಳಿದು ಉತ್ತರ ಕನ್ನಡದ ಬೇಲೆಕೇರಿ ಬಂದರು ಸೇರುತ್ತಿತ್ತು. 2010ರಲ್ಲಿ ಅಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟ ಅದಿರಿನಲ್ಲಿ ಲಕ್ಷಾಂತರ ಟನ್ ಹಡಗು ಹತ್ತಿ ಮಾಯವಾಯಿತು. ಒಂದು ಬ್ಯಾರಲ್ ತೈಲ ಹೆಚ್ಚು ಕಡಿಮೆಯಾದರೆ ಪತ್ರ ವ್ಯವಹಾರ ಆರಂಭವಾಗುವ ಉದ್ಯಮದಲ್ಲಿ ಕೆಲಸ ಮಾಡುವ ನನಗೆ, ಜಪ್ತಿಯಾದ ಸರಕು ಲಕ್ಷ ಟನ್ ಲೆಕ್ಕದಲ್ಲಿ ಕಾಣೆಯಾದದ್ದು ಇಂದಿಗೂ ಸಂಕಟದ ವಿಷಯ. ಆ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬರಲು 2024ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ನಮ್ಮವರು ಸುಮ್ಮನೆ ಕೂತಿದ್ದರು ಎಂದರೆ ಅದು ಸುಳ್ಳಾಗುತ್ತದೆ. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ 2009ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಎರಡನೆಯ ವರದಿ ಬಂದ ಮೇಲೆ ಮುಖ್ಯಮಂತ್ರಿಯ ರಾಜೀನಾಮೆಯೇ ಆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಜಿಲ್ಲೆಯ ಪರಿಸರದ ಒಟ್ಟು ಸ್ಥಿತಿ ಏನಾಗಿದೆ ಎಂದು ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ ಅಧ್ಯಯನ ಮಾಡಿದ್ದು ಆಮೇಲೆ, ಕೋರ್ಟಿನ ಆದೇಶದಂತೆ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅಕ್ರಮ ಎಸಗಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಲಾಯಿತು. ಒಂದು ವರ್ಷಕ್ಕೆ ಎಷ್ಟು ಅದಿರು ತೆಗೆಯಬಹುದು ಎಂಬ ಮಿತಿ ಬಂತು. ಇವೆಲ್ಲ ದೊಡ್ಡ ಗೆಲುವುಗಳು. ಆ ಜನರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕಿದಂತೆ, ಎಲ್ಲವೂ ಬಂದದ್ದು ಕೊನೆಗೆ. ಶೆಟ್‌ಲ್ಯಾಂಡಿನಲ್ಲಿ 1977ರಲ್ಲೇ ಒಂದು ಪರಿಸರ ಸಲಹಾ ಗುಂಪು ಇತ್ತು. ತೈಲ ಬರುವ ಮೊದಲು ದಡದ ಕಪ್ಪೆಚಿಪ್ಪು, ಕಡಲಹಕ್ಕಿ ಎಲ್ಲ ಹೇಗಿದ್ದವು ಎಂದು ನೋಡಿ ಬರೆದಿಟ್ಟುಕೊಂಡರು. ನಾಳೆ ಹಾಳಾದರೆ ಎಷ್ಟು ಹಾಳಾಯಿತು ಎಂದು ತೋರಿಸಲು ಅವರ ಕೈಯಲ್ಲಿ ದಾಖಲೆ ಇತ್ತು.

ಅಲ್ಲಿ ಹಾಳಾಗಲೇ ಇಲ್ಲವೇ? ಆಯಿತು. ಸಲ್ಲಂ ವೋ ಆರಂಭವಾದ ತಿಂಗಳೊಪ್ಪತ್ತಿನಲ್ಲೇ, 1978ರ ಡಿಸೆಂಬರ್ ಕೊನೆಗೆ, ಎಸ್ಸೋ ಬರ್ನೀಷಿಯಾ ಎಂಬ ಹಡಗು ಜೆಟ್ಟಿಗೆ ಬಡಿದು ಸಾವಿರ ಟನ್ನಿಗೂ ಹೆಚ್ಚು ಇಂಧನ ತೈಲ ಸೋರಿ ಸಾವಿರಾರು ಹಕ್ಕಿಗಳು ಸತ್ತವು. ಅದಕ್ಕಿಂತ ಘೋರವಾದದ್ದು ನಡೆದದ್ದು ಸಮುದ್ರದ ನಡುವೆ ನಿಂತು ತೈಲ ತೆಗೆದು ಫ್ಲೋಟಾಕ್ಕೆ ಕಳಿಸುತ್ತಿದ್ದ ಪೈಪರ್ ಆಲ್ಫಾ ಎಂಬ ಉಕ್ಕಿನ ವೇದಿಕೆಯಲ್ಲಿ, 1988ರ ಜುಲೈ 6ರ ರಾತ್ರಿ. ಒಂದು ಪಂಪಿನ ಸುರಕ್ಷಾ ಕವಾಟವನ್ನು ದುರಸ್ತಿಗೆಂದು ಬಿಚ್ಚಿದ್ದರು. ಆ ವಿಷಯ ರಾತ್ರಿ ಪಾಳಿಯವರಿಗೆ ತಿಳಿಯಲಿಲ್ಲ. ಇನ್ನೊಂದು ಪಂಪ್ ಕೆಟ್ಟಾಗ ಅವರು ಕವಾಟ ಬಿಚ್ಚಿದ್ದ ಪಂಪನ್ನೇ ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಯಿತು. ಬೆಂಕಿ ನಂದಿಸುವ ನೀರಿನ ಪಂಪುಗಳು ತಾವಾಗಿ ಚಾಲೂ ಆಗುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದ ಕ್ಲೇಮೋರ್, ಟಾರ್ಟನ್ ವೇದಿಕೆಗಳು ಅದೇ ಕೊಳವೆ ಜಾಲಕ್ಕೆ ತೈಲ ಒತ್ತುತ್ತಲೇ ಇದ್ದವು. 167 ಜನ ಸತ್ತರು. ನಾನಿರುವ ಊರಿನ ಉದ್ಯಾನದಲ್ಲಿ ಅವರ ಹೆಸರು ಕೆತ್ತಿದ ಸ್ಮಾರಕವಿದೆ. ನಮ್ಮ ಕೆಲಸದಲ್ಲಿ ಇಂದು ಪಾಳಿ ಬದಲಾಗುವಾಗ ಪ್ರತಿಯೊಂದು ಅನುಮತಿ ಪತ್ರವನ್ನು ಓದಿ ಒಪ್ಪಿಸುವುದರ ಹಿಂದೆ ಆ ರಾತ್ರಿ ಇದೆ.

ದುರಂತದ ನಂತರ ಲಾರ್ಡ್ ಕಲೆನ್ ಅವರ ವಿಚಾರಣಾ ವರದಿ 1990ರಲ್ಲಿ ಬಂತು. ಅದರಲ್ಲಿದ್ದ 106 ಶಿಫಾರಸುಗಳಲ್ಲಿ ಒಂದನ್ನೂ ಬಿಡದೆ ಒಪ್ಪಲಾಯಿತು. ಕಂಪನಿಗಳು ತಮ್ಮ ವೇದಿಕೆ ಸುರಕ್ಷಿತ ಎಂದು ತಾವೇ ಲಿಖಿತವಾಗಿ ಸಾಬೀತು ಮಾಡಬೇಕು ಎಂಬ ನಿಯಮ ಅದರಿಂದಲೇ ಬಂದದ್ದು. ವರದಿಯೊಂದು ಹೊರಬಂದ ಮೇಲೆ ಏನಾಗಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ನಮ್ಮ ಲೋಕಾಯುಕ್ತ ವರದಿಗಳಿಗೂ ಅದೇ ಭಾಗ್ಯ ಸಿಗಬೇಕಿತ್ತು ಎಂದು ಆಸೆಪಡುವುದು ತಪ್ಪಲ್ಲ.

ಇಷ್ಟಾದರೂ ಬಳ್ಳಾರಿಯ ಕೈ ಇಂದು ಬರಿದಾಗಿಲ್ಲ, ಮತ್ತು ನಾನು ಈ ಲೇಖನ ಬರೆಯಲು ಕಾರಣ ಅದೇ. 2015ರ ಜನವರಿಯಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಗಣಿಯಿಂದ ತೊಂದರೆಗೊಳಗಾದ ಜನರಿಗೆಂದೇ ಮೀಸಲಾದ ಹಣ ಅದು. ಅದಲ್ಲದೆ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಂದ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ. ಅದಿರಿನ ಹರಾಜು ಮತ್ತು ದಂಡದಿಂದ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಅದರ ಬಳಿ ಇದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಕ್ಕೆ ಅದನ್ನು ಖರ್ಚು ಮಾಡಲು 2022ರಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಓರ್ಕ್ನಿಯ ಮೀಸಲು ನಿಧಿಗೆ ಹೋಲಿಸಿದರೆ ನಮ್ಮದು ಚಿಕ್ಕ ಮೊತ್ತವೇನಲ್ಲ. ವ್ಯತ್ಯಾಸ ಇರುವುದು ಕೀಲಿಕೈ ಯಾರ ಬಳಿ ಇದೆ ಎಂಬುದರಲ್ಲಿ. ಓರ್ಕ್ನಿಯ ನಿಧಿಯ ಬಗ್ಗೆ ತೀರ್ಮಾನ ಮಾಡುವವರು ಅದೇ ದ್ವೀಪಗಳಲ್ಲಿ ವಾಸಿಸುವ, ಅಂಗಡಿಯಲ್ಲಿ ದೋಣಿಯಲ್ಲಿ ಜನರಿಗೆ ಮುಖ ಕೊಡಬೇಕಾದ ಚುನಾಯಿತ ಸದಸ್ಯರು. ನಮ್ಮಲ್ಲಿ ಹಳ್ಳಿಯ ಗ್ರಾಮಸಭೆ ಒಂದು ಪಟ್ಟಿ ಕೊಡುತ್ತದೆ. ಆ ಪಟ್ಟಿ ಎಲ್ಲಿಗೆ ಹೋಯಿತು, ಯಾಕೆ ತಿರಸ್ಕೃತವಾಯಿತು ಎಂದು ಅದಕ್ಕೆ ಯಾರೂ ತಿರುಗಿ ಹೇಳುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ನನ್ನ ಸೋದರಮಾವನ ಜೊತೆ ಈ ವಿಷಯವಾಗಿ ಬಹಳ ಹೊತ್ತು ಮಾತಾಯಿತು. ಅವರು ಮಳೆಯಾಶ್ರಿತ ಹೊಲದಲ್ಲಿ ಜೋಳ, ಮೆಣಸಿನಕಾಯಿ ಬೆಳೆದವರು, ಪಂಚಾಯಿತಿಯ ಕೆಲಸದಲ್ಲಿ ಓಡಾಡಿದವರು.

“ಮಾವ, ಗಣಿ ದುಡ್ಡಿನಲ್ಲಿ ಊರಿಗೆ ಏನು ಬಂತು?” ಎಂದು ಕೇಳಿದೆ.

“ಶಾಲೆಗೆ ಎರಡು ಕೋಣೆ ಬಂದವು, ಇಲ್ಲವೆನ್ನಲಾರೆ. ಸಮುದಾಯ ಭವನವೂ ಬಂತು ಅಳಿಯಾ. ಆದರೆ ನಾವು ಗ್ರಾಮಸಭೆಯಲ್ಲಿ ಕೈ ಎತ್ತಿ ಕೇಳಿದ್ದು ಕುಡಿಯುವ ನೀರು, ಮತ್ತೆ ಅದಿರಿನ ಲಾರಿ ಊರೊಳಗೆ ಬಾರದ ಹಾಗೆ ಒಂದು ಬೇರೆ ರಸ್ತೆ. ಭವನ ಬೇಕೆಂದು ಯಾರೂ ಬರೆದುಕೊಟ್ಟಿರಲಿಲ್ಲ.”

“ಕಚೇರಿಯಲ್ಲಿ ಕೇಳಲಿಲ್ಲವೇ?”

“ಕೇಳಿದೆವು. ಮೇಲಿನಿಂದ ಬಂದ ಯೋಜನೆ ಎಂದರು. ಮೇಲಿನಿಂದ ಎಂದ ಮೇಲೆ ಇನ್ನಾರನ್ನು ಕೇಳುವುದು?”

ಈ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ನಾನು ಅವರಿಗೆ ದ್ವೀಪದ ಜನ ಯುರೇನಿಯಂ ಬೇಡವೆಂದ ಕಥೆ ಹೇಳಿದೆ. ಎಪ್ಪತ್ತರ ದಶಕದ ಕೊನೆಗೆ, ಫ್ಲೋಟಾದ ತೈಲ ಹರಿಯುತ್ತಿದ್ದ ಕಾಲದಲ್ಲೇ, ಓರ್ಕ್ನಿಯ ಸ್ಟ್ರೊಮ್‌ನೆಸ್ ಪಟ್ಟಣದ ಬಳಿ ಯುರೇನಿಯಂ ಇದೆಯೆಂದು ಅಗೆದು ನೋಡಲು ವಿದ್ಯುತ್ ಮಂಡಳಿ ಬಂದಿತ್ತು. ತೈಲಕ್ಕೆ ಒಪ್ಪಿದ ಅದೇ ಜನ ಇದಕ್ಕೆ ಒಪ್ಪಲಿಲ್ಲ. ರೈತರು, ಮೀನುಗಾರರು, ಶಿಕ್ಷಕರು, ಕಲಾವಿದರು ಎಲ್ಲ ಸೇರಿ ವಿರೋಧಿಸಿದರು, ಅಗೆತ ನಡೆಯಲಿಲ್ಲ. ಮಾವ ಬಹಳ ಹೊತ್ತು ಯೋಚಿಸಿ, “ಹಾಗಾದರೆ ಅವರು ಒಂದಕ್ಕೆ ಹೌದು ಅನ್ನಬಲ್ಲರು, ಇನ್ನೊಂದಕ್ಕೆ ಬೇಡ ಅನ್ನಬಲ್ಲರು” ಎಂದರು. ನಾನು ಹೇಳಬೇಕಾದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಅಭಿವೃದ್ಧಿಯ ವಿರೋಧಿಗಳು ಎಂಬ ಹಣೆಪಟ್ಟಿ ಹಚ್ಚುವವರು ಇದನ್ನು ಗಮನಿಸಬೇಕು. ಬೇಡ ಎನ್ನುವ ಶಕ್ತಿ ಇದ್ದವರು ಹೌದು ಎಂದಾಗ ಮಾತ್ರ ಅದು ಒಪ್ಪಿಗೆ.

ಸಂಡೂರಿನ ಮುಂದೆ ಇಂಥ ಹೌದು ಬೇಡಗಳು ಈಗಲೂ ಇವೆ. ದೇವದಾರಿ ಬೆಟ್ಟದಲ್ಲಿ ಹೊಸ ಗಣಿಗೆಂದು ಸುಮಾರು 400 ಹೆಕ್ಟೇರ್ ಕಾಡು, ಒಂದು ಲಕ್ಷದ ಹತ್ತಿರ ಮರಗಳು ಹೋಗುತ್ತವೆ ಎಂಬ ವಿಷಯ 2024ರಲ್ಲಿ ದೊಡ್ಡ ಚರ್ಚೆಯಾಯಿತು. ತಾಲ್ಲೂಕಿನ ಜನ ಬೀದಿಗಿಳಿದರು. ನನ್ನ ನಿಲುವು ನೇರವಾಗಿದೆ: ಆ ಬೆಟ್ಟ ಉಳಿಯಬೇಕು. ಅಗೆದು ಬಿಟ್ಟ ಗುಂಡಿಗಳಲ್ಲಿ ಸಸಿ ನೆಡುವ ಕೆಲಸವೇ ಇನ್ನೂ ಮುಗಿಯದಿರುವಾಗ ನಿಂತ ಕಾಡನ್ನು ಕಡಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. 2022ರ ಆಗಸ್ಟ್‌ನಲ್ಲಿ ಬಳ್ಳಾರಿಯ ವಾರ್ಷಿಕ ಮಿತಿ 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿದೆ. ಏರಿದ ಪ್ರತಿ ಟನ್ನೂ ಅದೇ ರಸ್ತೆ, ಅದೇ ಹಳ್ಳಿಗಳ ನಡುವೆಯೇ ಹಾಯಬೇಕು.

ಇನ್ನೊಂದು ವಿಷಯ ನಮ್ಮವರಲ್ಲಿ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಅದನ್ನು ಒತ್ತಿ ಹೇಳಬೇಕು. ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಯವರು ರಾಜಧನದ ಶೇ. 30ರಷ್ಟು ಕೊಡಬೇಕು. 2015ರ ನಂತರ ಹರಾಜಿನಲ್ಲಿ ಪಡೆದ ಗುತ್ತಿಗೆಯವರು ಕೊಡಬೇಕಾದದ್ದು ಶೇ. 10 ಮಾತ್ರ. ಕಬ್ಬಿಣದ ಅದಿರಿನ ರಾಜಧನ ಶೇ. 15. ಲೆಕ್ಕ ಹಾಕಿ ನೋಡಿ: ನೂರು ರೂಪಾಯಿಯ ಅದಿರಿಗೆ ಹಳೆಯ ಗಣಿಯಿಂದ ಬಾಧಿತ ಹಳ್ಳಿಗಳಿಗೆ ನಾಲ್ಕೂವರೆ ರೂಪಾಯಿ, ಹೊಸ ಗಣಿಯಿಂದ ಒಂದೂವರೆ ರೂಪಾಯಿ. ಹರಾಜಿನಲ್ಲಿ ಕಂಪನಿಗಳು ಕೂಗಿದ ಭಾರಿ ಪ್ರೀಮಿಯಂ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಸರ್ಕಾರದ ಪಾಲು ಬೆಳೆದಂತೆ ಹಳ್ಳಿಯ ಪಾಲು ಮೂರರಲ್ಲಿ ಒಂದಕ್ಕೆ ಇಳಿಯಿತು. ಧೂಳು ಗುತ್ತಿಗೆಯ ದಿನಾಂಕ ನೋಡಿ ಬೀಳುವುದಿಲ್ಲ. ಕಂಪನಿ ಸರ್ಕಾರಕ್ಕೆ ಹೆಚ್ಚು ಕೊಡುತ್ತಿದೆ ಎಂಬುದು ಹಳ್ಳಿಗೆ ಕಡಿಮೆ ಕೊಡಲು ಕಾರಣವಾಗುವುದು ಹೇಗೆ? ಶೆಟ್‌ಲ್ಯಾಂಡಿನವರು ತೆರಿಗೆ ಬೇರೆ, ಕದಡಿದ್ದಕ್ಕೆ ಪಾವತಿ ಬೇರೆ ಎಂದು ಹಟ ಹಿಡಿದದ್ದು ಇದೇ ಕಾರಣಕ್ಕೆ.

ಎರಡು ಜಾಗಗಳ ಸ್ಥಿತಿ ಒಂದೇ ಅಲ್ಲ ಎಂಬುದು ನನಗೆ ಗೊತ್ತು. ಅವರ ತೈಲ ಇದ್ದದ್ದು ದೂರದ ಸಮುದ್ರದಲ್ಲಿ. ನಮ್ಮ ಅದಿರು ಇರುವುದು ಜನರ ಹೊಲದ ತಲೆಯ ಮೇಲೆ, ಕಾಡಿನ ಕೆಳಗೆ. ಅಲ್ಲಿ ಕಂಪನಿಗಳಿಗೆ ಬೇರೆ ಬಂದರು ಸುಲಭವಾಗಿ ಸಿಗುತ್ತಿರಲಿಲ್ಲ, ಆದ್ದರಿಂದ ದ್ವೀಪದವರ ಮಾತಿಗೆ ತೂಕ ಬಂತು. ಆದರೆ ಅದೇ ಲೆಕ್ಕದಲ್ಲಿ ನೋಡಿದರೆ ನಮ್ಮ ಕೈ ಇನ್ನೂ ಬಲವಾಗಿರಬೇಕು. ಸಂಡೂರಿನ ಅದಿರಿನಂಥ ಅದಿರು ಬೇಕೆಂದರೆ ಸಂಡೂರಿಗೇ ಬರಬೇಕು. ತೋರಣಗಲ್ಲಿನ ಉಕ್ಕಿನ ಕುಲುಮೆಗಳು ಅಲ್ಲಿ ನಿಂತಿರುವುದೂ ಈ ಬೆಟ್ಟಗಳ ಕಾರಣಕ್ಕೆ.

ಹರಾಜಾದ ಗುತ್ತಿಗೆಗಳ ಅವಧಿ 50 ವರ್ಷ. ಸ್ವಂತ ಕಾರ್ಖಾನೆಗಾಗಿ ಇರುವ ಹಳೆಯ ಗಣಿ ಗುತ್ತಿಗೆಗಳಲ್ಲಿ ಹಲವು 2030ರ ಮಾರ್ಚ್ 31ಕ್ಕೆ ಮುಗಿಯುತ್ತವೆ. ಅವೂ ಆಮೇಲೆ ಹರಾಜಿಗೆ ಬರುತ್ತವೆ. ಅಂದರೆ ಹೊಸ ಕಾಗದಗಳಿಗೆ ಸಹಿ ಬೀಳುವ ಮುನ್ನ ನಮಗೆ ಕೆಲವೇ ವರ್ಷಗಳಿವೆ. ಅಷ್ಟರೊಳಗೆ ಸಂಡೂರಿನ ಗ್ರಾಮ ಪಂಚಾಯಿತಿಗಳು ಒಟ್ಟಾಗಿ ನಾಲ್ಕು ಮಾತನ್ನು ಹರಾಜಿನ ಷರತ್ತುಗಳಲ್ಲಿ ಬರೆಸಿಕೊಳ್ಳಬೇಕೆಂದು ನಾನು ಬಯಸುತ್ತೇನೆ. ಹೊಸ ಗಣಿಯಿಂದಲೂ ಹಳೆಯ ಗಣಿಯಷ್ಟೇ ಪಾಲು ಬರಬೇಕು. ಆ ಪಾಲಿನ ಒಂದು ಭಾಗ ಖರ್ಚಾಗದೆ ತಾಲ್ಲೂಕಿನ ಹೆಸರಿನಲ್ಲಿ ಕೂಡಿರಬೇಕು, ಅದಿರು ಮುಗಿದ ಮೇಲೆ ಬದುಕುವವರಿಗಾಗಿ. ಗ್ರಾಮಸಭೆಯ ಪಟ್ಟಿಯನ್ನು ಒಪ್ಪದಿದ್ದರೆ ಕಾರಣವನ್ನು ಲಿಖಿತವಾಗಿ ಅದೇ ಸಭೆಗೆ ತಿಳಿಸಬೇಕು. ಮತ್ತು ಅದಿರು ಕನ್ವೇಯರ್‌ನಲ್ಲಾಗಲಿ ರೈಲಿನಲ್ಲಾಗಲಿ ಸಾಗುವ ವ್ಯವಸ್ಥೆಯಾಗದೆ ಒಂದು ಟನ್ನೂ ಹೆಚ್ಚುವರಿಯಾಗಿ ಹೊರಡಬಾರದು. ನಮ್ಮ ಶಾಸಕರು, ಸಂಸದರು ಯಾವ ಪಕ್ಷದವರೇ ಇರಲಿ, ಈ ಮಾತುಗಳನ್ನು ಬೆಂಗಳೂರು ಮತ್ತು ದೆಹಲಿಯಲ್ಲಿ ಮಂಡಿಸುತ್ತೇವೆಂದು ಚುನಾವಣೆಗೆ ಮೊದಲು ಬರೆದುಕೊಡಲಿ. ಓರ್ಕ್ನಿಯ ಕಾಯ್ದೆಯ ಪ್ರತಿಯನ್ನು ಕನ್ನಡದಲ್ಲಿ ಸಾರಾಂಶ ಮಾಡಿ ಮಾವನಿಗೆ ಕಳಿಸುವ ಕೆಲಸವನ್ನು ನಾನು ಈಗಾಗಲೇ ಆರಂಭಿಸಿದ್ದೇನೆ. ಬೇಕೆನ್ನುವ ಯಾವ ಪಂಚಾಯಿತಿಗಾದರೂ ಅದನ್ನು ಕೊಡುತ್ತೇನೆ.